ಬಲಕ್ಕೆ ಬಿದ್ದ ಹೂವನ್ನೂ ನಂಬದವಳು

ಅಮ್ಮನನ್ನು ನಂಬಿ ನಡೆಯುವ ಅಕ್ಕಂದಿರೇ, ಅಣ್ಣಂದಿರೇ,

ನನ್ನ ಕಷ್ಟ ಯಾರ ಕಣ್ಣಿಗೂ ಕಾಣುವಂಥದ್ದಾಗಿರಲಿಲ್ಲ. ಮೂರು ಸಲ ಇಸಿಜಿ ತೆಗೆಸಿದೆ, ಮೂರು ಸಲವೂ ಸರಿಯಾಗಿಯೇ ಬಂತು. ಥೈರಾಯ್ಡ್ ನೋಡಿದರು, ಸಕ್ಕರೆ ನೋಡಿದರು. "ಏನೂ ಇಲ್ಲ, ಆರಾಮಾಗಿರಿ" ಎಂದು ಹಿರಿಯೂರಿನ ಡಾಕ್ಟರು ಚೀಟಿ ಮಡಚಿ ಕೊಟ್ಟರು. ಆರಾಮಾಗಿರುವುದು ಹೇಗೆಂದು ಆ ಚೀಟಿಯಲ್ಲಿ ಬರೆದಿರಲಿಲ್ಲ.

ನಾನು ಆದಿವಾಲದ ಕಡೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅವ್ವ ಕಂಡವರ ಹೊಲದಲ್ಲಿ ಕನಕಾಂಬರ ಬಿಡಿಸುತ್ತಿದ್ದಳು. ನಾನೂ ಅವಳ ಜೊತೆ ಬೆಳಗ್ಗೆ ಹೂ ಬಿಡಿಸಿ, ಉಗುರಿನ ಹಸಿರನ್ನೂ ಸರಿಯಾಗಿ ತೊಳೆಯದೆ ಕಾಲೇಜಿನ ಬಸ್ಸಿಗೆ ಓಡುತ್ತಿದ್ದೆ. ಅಷ್ಟು ಕಂಡವಳಿಗೆ ಇನ್ನು ಯಾವ ಹೆದರಿಕೆ ಅಂದುಕೊಂಡಿದ್ದೆ.

ಮಗಳು ಸಿಂಚನ ದುರ್ಗದ ಕಾಲೇಜಿಗೆ ಸೇರಿ, ದಿನಾ ಹಿರಿಯೂರಿನಿಂದ ಬಸ್ಸಿನಲ್ಲಿ ಹೋಗಿಬರಲು ತೊಡಗಿದ ಮೇಲೆ ಅದು ಶುರುವಾಯಿತು. ಹೈವೇಯಲ್ಲಿ ಆಂಬುಲೆನ್ಸ್ ಕೂಗಿದರೆ ಬೋರ್ಡಿನ ಮೇಲೆ ಸೀಮೆಸುಣ್ಣ ನಿಂತುಬಿಡುತ್ತಿತ್ತು. ಎದೆ ಡವಡವ, ಅಂಗೈ ಬೆವರು. ಬಸ್ಸು ಹತ್ತಿದಳಾ, ಇಳಿದಳಾ, ಊಟ ಮಾಡಿದಳಾ ಎಂದು ದಿನಕ್ಕೆ ಹತ್ತು ಸಲ ಫೋನು. ಅವಳ ದನಿ ಕೇಳಿದರೆ ಐದು ನಿಮಿಷ ಸಮಾಧಾನ, ಆರನೆಯ ನಿಮಿಷಕ್ಕೆ ಮತ್ತೆ ಅದೇ. ಏನೂ ಆಗದೆಯೂ ಮನುಷ್ಯ ಎಷ್ಟು ದಣಿಯಬಹುದು ಎನ್ನುವುದು ನನಗೆ ಆಗ ತಿಳಿಯಿತು.

ಮಂಗಳವಾರ ಶಾಲೆ ಬಿಟ್ಟಮೇಲೆ ಮಾರಿಕಣಿವೆಯ ಗುಡಿಗೆ ಹೋಗಿ ಅಮ್ಮನಲ್ಲಿ ಹೂ ಕೇಳುತ್ತಿದ್ದೆ. ಪೂಜಾರಪ್ಪ ಅಮ್ಮನ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯ ಹೂ ಮೊದಲು ಬಿದ್ದರೆ ಅಮ್ಮ ಒಪ್ಪಿದಳು ಎಂದು ಅರ್ಥ. "ನನ್ನ ಮಗಳು ಸದಾ ನನ್ನ ಕಣ್ಮುಂದೆ ಕ್ಷೇಮವಾಗಿರಲಿ, ಇರುತ್ತಾಳಾ ತಾಯಿ?" ಎಂದು ಕೇಳುತ್ತಿದ್ದೆ. ಬಲಕ್ಕೇ ಬೀಳುತ್ತಿತ್ತು. ಕೈಮುಗಿದು ಬಸ್ ನಿಲ್ದಾಣದವರೆಗೆ ಬರುವಷ್ಟರಲ್ಲಿ ಅನುಮಾನ. ಫ್ಯಾನಿನ ಗಾಳಿಗೆ ಬಿತ್ತೇನೋ? ಬಲಗಡೆಯದಕ್ಕೆ ನೀರು ಕಡಿಮೆಯಾಗಿತ್ತೇನೋ? ವಾಪಸ್ ಹೋಗುತ್ತಿದ್ದೆ.

ಒಂದು ಮಂಗಳವಾರ ಮೂರನೆಯ ಸಲ ಕೇಳಲು ನಿಂತಾಗ ಪೂಜಾರಪ್ಪ ನಕ್ಕರು. "ಏನ್ ಮೇಡಂ, ಅಮ್ಮಂಗೂ ಪೂರಕ ಪರೀಕ್ಷೆ ಇಟ್ಟೀರೇನ್ರಿ? ಒಂದ್ಸಲಕ್ಕೇ ಪಾಸಾಗವ್ಳೆ, ಮನೀಗೆ ಹೋಗ್ರಿ."

ಸುತ್ತ ಇದ್ದವರೂ ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ಅತ್ತೆ.

ಆಷಾಢದ ಒಂದು ಮಧ್ಯಾಹ್ನ ಸಿಂಚನಳ ಫೋನು ಸ್ವಿಚ್ ಆಫ್ ಬಂತು. ಎರಡು ಗಂಟೆ ತಡೆದೆ. ಆಮೇಲೆ ಎಂಟನೆಯ ತರಗತಿಯನ್ನು ಪಕ್ಕದ ಮೇಷ್ಟರಿಗೆ ಒಪ್ಪಿಸಿ, ಸಿಕ್ಕ ಬಸ್ಸು ಹತ್ತಿ ದುರ್ಗಕ್ಕೆ ಹೋದೆ. ಅವಳು ಲ್ಯಾಬಿನಲ್ಲಿ ಗೆಳತಿಯರ ಜೊತೆ ನಿಂತು ಏನೋ ಅಳೆಯುತ್ತಿದ್ದಳು. ಬಾಗಿಲಲ್ಲೇ ನಾನು ಗೊಳೋ ಎಂದುಬಿಟ್ಟೆ. ಯಾರೋ ಕಿಸಕ್ಕನೆ ನಕ್ಕರು. ಬರುವಾಗ ಪಕ್ಕದ ಸೀಟು ಖಾಲಿಯಿದ್ದರೂ ಮಗಳು ಹಿಂದೆ ಹೋಗಿ ಕುಳಿತಳು.

ಮನೆಗೆ ಬಂದು ಬ್ಯಾಗು ಗೂಟಕ್ಕೆ ಹಾಕಿ ಹೇಳಿದಳು: "ನಾಳೆಯಿಂದ ನಾ ಹೋಗಲ್ಲ ಕಣಮ್ಮ. ನಿನ್ನ ಎದುರಿಗೇ ಕುಂತ್ಕಂತೀನಿ. ಆಗ ಸಮಾಧಾನ ಆಗ್ತೈತಲ್ಲ?"

ಮನೆಯವರು, "ಕೋಪಕ್ಕೆ ಅಂತಾಳೆ, ಬಿಡು" ಎಂದರು. ಕೋಪವಲ್ಲ. ಮರುದಿನ ಅವಳು ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ನಾನು ರಜೆ ಹಾಕಿ ಮನೆಯಲ್ಲಿದ್ದೆ. ಒಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ಆ ಎರಡು ದಿನ ನನಗೆ ಎದೆ ಬಡಿದುಕೊಳ್ಳಲಿಲ್ಲ. ಎಷ್ಟೋ ತಿಂಗಳ ಮೇಲೆ ಮಧ್ಯಾಹ್ನ ನಿದ್ದೆ ಬಂತು. ಎದ್ದು ನೋಡಿದರೆ ಮಗಳು ಗೋಡೆಗೆ ಒರಗಿ ಸುಮ್ಮನೆ ಕುಳಿತಿದ್ದಾಳೆ, ಗೂಟದಲ್ಲಿ ಬ್ಯಾಗು. ನಾನು ಬೇಡಿದ್ದು ಇದನ್ನೇ ಅಲ್ಲವೇ, ಕಣ್ಮುಂದೆ ಇರಲಿ ಎಂದು? ಅಕ್ಷರ ತಿಳಿಯದ ಅವ್ವ ನನ್ನನ್ನು ಬಸ್ಸು ಹತ್ತಿಸಿದಳು. ಡಿಗ್ರಿ ಓದಿದ ನಾನು ನನ್ನ ಮಗಳನ್ನು ಇಳಿಸಿದೆ. ನನಗೆ ಬಂದಿದ್ದ ನಿದ್ದೆಗೆ ನಾಚಿಕೆಯಾಯಿತು.

ಮರುದಿನ ಮಂಗಳವಾರವಲ್ಲದಿದ್ದರೂ ಕಣಿವೆಗೆ ಹೋದೆ. ಗುಡಿಯಲ್ಲಿ ಯಾರೂ ಇರಲಿಲ್ಲ. ಎಂದಿನಂತೆ ಮಗಳ ಹೆಸರಲ್ಲಿ ಹೂ ಕೇಳಿದೆ. ಬಲವೂ ಬೀಳಲಿಲ್ಲ, ಎಡವೂ ಬೀಳಲಿಲ್ಲ. ಕಂಬಕ್ಕೆ ಒರಗಿ ಕುಳಿತೆ. ಪೂಜಾರಪ್ಪ ಪಕ್ಕದಲ್ಲೇ ಕುಳಿತರು. ಎಲ್ಲ ಹೇಳಿಕೊಂಡೆ.

"ವರ್ಷದಿಂದ ನೋಡ್ತಿದೀನಿ, ಮಗಳದ್ದೇ ಕೇಳ್ತೀರ," ಎಂದರು. "ಬಡ್ಕಳ್ತಿರಾದು ನಿಮ್ಮೆದೆ. ಅದರ ಸುದ್ದಿ ಯಾವತ್ತಾರ ಕೇಳೀರೇನ್ರಿ?"

"ಅದಕ್ಕೇನು ಕೇಳಲಿ ಪೂಜಾರಪ್ಪ? ಡಾಕ್ಟರು ಏನೂ ಇಲ್ಲ ಅಂದಾರೆ."

"ಎದೆ ಡಾಕ್ಟ್ರು ಅಂದಿರ್ತಾರೆ. ದುರ್ಗದ ದೊಡ್ಡಾಸ್ಪತ್ರೇಲಿ ಮನಸಿನ ಡಾಕ್ಟ್ರು ಅವ್ರೆ. ನನ್ನ ಸೊಸೆನೂ ಕರ್ಕಂಡು ಹೋಗಿದ್ದೆ. ಹೋಗ್ಲಾ ಅಂತ ಕೇಳ್ರಿ ಅಮ್ಮನ್ನ."

ಕಣ್ಣು ಮುಚ್ಚಿ ಕೇಳಿದೆ. ನೀವು ನಂಬುತ್ತೀರೋ ಇಲ್ಲವೋ, ಬಾಯಿಂದ ಮಾತು ಪೂರ್ತಿ ಹೊರಡುವ ಮೊದಲೇ ಟಪ್ ಎಂದಿತು. ಬಲಗಡೆ. ನನ್ನ ಕಣ್ಣು ತಾನಾಗಿ ಮೇಲಕ್ಕೆ ಹೋಯಿತು.

"ಫ್ಯಾನ್ ನೋಡ್ತೀರಾ? ನೋಡ್ರಿ, ನೋಡ್ರಿ. ಬೆಳಗ್ಗೆಯಿಂದ ಕರೆಂಟಿಲ್ಲ!"

ಆ ವಾರವೇ ದುರ್ಗಕ್ಕೆ ಹೋದೆ. ಬಸ್ಸಿನಲ್ಲಿ ಸಿಂಚನ ನನ್ನ ಪಕ್ಕದಲ್ಲೇ ಕುಳಿತಳು. ಆಸ್ಪತ್ರೆಯ ಬೆಂಚಿನಲ್ಲಿ ಗುರುತಿನವರು ಯಾರಾದರೂ ನೋಡಿಯಾರೆಂದು ಸೆರಗು ಮುಖಕ್ಕೆ ಎಳೆದುಕೊಂಡೆ. ಡಾಕ್ಟರಮ್ಮ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. "ಇದು ಹುಚ್ಚಲ್ಲ ಮೇಡಂ, ಆತಂಕದ ಕಾಯಿಲೆ. ನೀವು ಫೋನ್ ಮಾಡಿ ಮಾಡಿ ಅದಕ್ಕೆ ಊಟ ಹಾಕ್ತಿದೀರ" ಎಂದರು. ಒಂದು ಮಾತ್ರೆ ಕೊಟ್ಟರು, ನಾವು ಹೇಳುವವರೆಗೆ ಬಿಡಬೇಡಿ ಎಂದರು. ಮಧ್ಯಾಹ್ನದ ಮೇಲೆ ಟೀ ಬೇಡ. ಎದೆ ಹಾರಿದಾಗ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡಬೇಕು. ಸಂಜೆ ಐದರಿಂದ ಐದೂವರೆ ಚಿಂತೆಗೆಂದೇ ಇಟ್ಟುಕೊಂಡು, ಬಂದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ನಡುವೆ ಚಿಂತೆ ಬಂದರೆ, ನಿನ್ನ ಪಿರಿಯಡ್ ಐದಕ್ಕೆ, ಹೋಗಿ ಬಾ ಎನ್ನಬೇಕು. ಟೀಚರಿಗೆ ಈ ಪಾಠ ಹಿಡಿಸಿತು. ಕೈಗೂ ಕೆಲಸವಿರಲಿ ಎಂದರು. ಎಷ್ಟೋ ವರ್ಷದ ಮೇಲೆ ಮೊಗ್ಗು ತಂದು ಹೂ ಕಟ್ಟಲು ಕುಳಿತೆ.

ಸೋಮವಾರ ಸಿಂಚನ ಗೂಟದಿಂದ ಬ್ಯಾಗು ತೆಗೆದಳು. ನಮ್ಮ ಒಪ್ಪಂದ ಒಂದೇ: ಸಂಜೆ ಬಸ್ಸು ಹತ್ತಿದಾಗ ಅವಳೇ ಒಂದು ಫೋನು ಮಾಡುವುದು. ಮೊದಲ ದಿನ ಇನ್ನೂ ರಜೆಯಲ್ಲಿದ್ದ ನಾನು, ಕೈಗೆ ಸಿಗದಿರಲೆಂದು ಬೀರುವಿನಲ್ಲಿಟ್ಟ ಫೋನಿನ ಹತ್ತಿರ ಮೂರು ಸಲ ಹೋಗಿ ಮೂರು ಸಲ ವಾಪಸ್ ಬಂದೆ. ನಾಲ್ಕು ಮೊಳ ಹೂ ಕಟ್ಟಿದ್ದೆ, ಎಲ್ಲ ಸಡಿಲ. ಮನೆಗೆ ಬಂದವಳು ನೋಡಿ, "ಪಿರಿಯಡ್ ಮುಗೀತಾ ಮೇಡಂ? ಬೆಲ್ ಹೊಡೀಲಾ?" ಎಂದಳು.

ಪೂರ್ತಿ ಗುಣವಾಯಿತು ಎಂದು ಅಮ್ಮನ ಹೆಸರಲ್ಲಿ ಸುಳ್ಳು ಹೇಳಲಾರೆ. ಈಗಲೂ ಕೆಲವು ದಿನ ಎದೆ ಹಾರುತ್ತದೆ, ಸುಸ್ತಾಗುತ್ತದೆ. ಆದರೆ ಮಗಳು ಎರಡನೆಯ ವರ್ಷಕ್ಕೆ ಬಂದಳು. ಆಸ್ಪತ್ರೆಯ ಆ ಬೆಂಚಿನಲ್ಲಿ ಕೂರಲು ನಾಚುವವರು ನಿಮ್ಮಲ್ಲಿದ್ದರೆ, ಅವರಿಗಾಗಿಯೇ ಇಷ್ಟು ಬರೆದೆ. ಅಮ್ಮ ನನ್ನನ್ನು ಅಲ್ಲಿಗೂ ಕೈಹಿಡಿದೇ ಕರೆದುಕೊಂಡು ಹೋದಳು.

ಹೋದ ಮಂಗಳವಾರ ನಾನೇ ಕಟ್ಟಿದ ಮಾಲೆ ಒಯ್ದು ಕೊಟ್ಟೆ. ಈ ಸಲ ಗಟ್ಟಿಯಾಗಿ ಕಟ್ಟಿದ್ದೆ. ಪೂಜಾರಪ್ಪ ಅಮ್ಮನಿಗೆ ಏರಿಸಿ, ಹೂ ನೆನೆಸುವ ತಂಬಿಗೆಗೆ ಕೈಹಾಕಿದರು. "ಕೇಳಾಣೇನ್ರಿ ಮೇಡಂ?"

"ಬೇಡ ಪೂಜಾರಪ್ಪ. ಕಾಲೇಜಿಗೆ ಹೋಗವ್ಳೆ, ಬರ್ತಾಳೆ."

ಕೈಮುಗಿದು ಹೊರಟೆ. ಹೊಸ್ತಿಲು ದಾಟುವಾಗ ಹಿಂದೆ ಏನೋ ಬಿದ್ದ ಸದ್ದಾಯಿತು. ಹೂವೇ ಇರಬೇಕು. ಯಾವ ಕಡೆಗೆ ಬಿತ್ತೆಂದು ತಿರುಗಿ ನೋಡಲಿಲ್ಲ.