ಕುಣಿಗಲ್ಲಿನ ಎನ್‌ಲಾರ್ಜರ್ ಮತ್ತು ಮೂರು ಬಡಿತ

ಅವತ್ತು ಕುಣಿಗಲ್ಲಿನ ಆ ಮನೆಯಲ್ಲಿದ್ದವರು ಮೂವರೇ: ನಾನು, ಗೆಳೆಯ ಖಲೀಲ್, ಮನೆಯೊಡತಿ ಗಂಗಮ್ಮನವರು. ಅದರಲ್ಲೂ ಒಬ್ಬ ನಡುವೆ ಎದ್ದುಹೋದ. ಲೆಕ್ಕ ಹೀಗೆ ಒತ್ತಿ ಹೇಳಲು ಕಾರಣವಿದೆ. ದೆವ್ವದ ಕತೆ ಹೇಳಿದವರನ್ನು ಗೇಲಿ ಮಾಡುತ್ತಿದ್ದ ಮೇಷ್ಟ್ರು ನಾನು. ಈಗ ನೀವು ನನ್ನನ್ನು ಗೇಲಿ ಮಾಡಿದರೆ ಬೇಸರವಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಬಟವಾಡಿಯ ಬಾಡಿಗೆಮನೆಯ ಬಚ್ಚಲಲ್ಲೇ ಫೋಟೋ ತೊಳೆಯುವ ಹುಚ್ಚು ನನಗೆ ಹತ್ತಿತ್ತು. ಪುಟ್ಟ ನೆಗೆಟಿವ್‌ನಿಂದ ದೊಡ್ಡ ಚಿತ್ರ ತೆಗೆಯಲು ಎನ್‌ಲಾರ್ಜರ್ ಬೇಕು. ಹೊಸದು ಮೇಷ್ಟ್ರ ಕೈಗೆಟುಕುವ ಮಾತಲ್ಲ. ಕುಣಿಗಲ್ಲಿನಲ್ಲಿ ಸ್ಟುಡಿಯೋ ಇಟ್ಟಿದ್ದವರೊಬ್ಬರು ತೀರಿಕೊಂಡು ವರ್ಷವಾಯಿತು, ಅವರ ಹೆಂಡತಿ ಗಂಗಮ್ಮನವರು ಎನ್‌ಲಾರ್ಜರ್ ಮಾರುತ್ತಾರಂತೆ ಎಂದು ಖಲೀಲ್ ಸುದ್ದಿ ತಂದ. ಗಡಿಯಾರ ರಿಪೇರಿಯವನು; ಗಾಜಿನ ಗೀರು ಅವನ ಕಣ್ಣಿಗೆ ತಪ್ಪುತ್ತಿರಲಿಲ್ಲ. ದಸರಾ ರಜೆಯ ಒಂದು ಶುಕ್ರವಾರ ಇಬ್ಬರೂ ಬಸ್ಸು ಹತ್ತಿದೆವು.

ಗಂಗಮ್ಮನವರ ಮನೆಯಲ್ಲಿ ಖಲೀಲ್ ಭೂತಗನ್ನಡಿ ಕಣ್ಣಿಗಿಟ್ಟು ಎನ್‌ಲಾರ್ಜರಿನ ಲೆನ್ಸನ್ನು ಬಹಳ ಹೊತ್ತು ನೋಡಿದ. "ಕುಣಿಗಲ್ಲಲ್ಲಿ ಕುದುರೆ ತಗೊಂಡ್ರೆ ಹಲ್ಲು ನೋಡ್ಬೇಕು ಮೇಷ್ಟ್ರೇ, ಇದಕ್ಕೆ ಲೆನ್ಸು. ಹಲ್ಲು ಚೆನ್ನಾಗವೆ. ಒಂದು ಪ್ರಿಂಟ್ ಹಾಕಿ ನೋಡ್ಬುಡಿ" ಎಂದವನೇ ನಮಾಜಿಗೆ ಹೊರಟ.

ಡಾರ್ಕ್‌ರೂಮ್ ಎಂದರೆ ಹಿಂಬದಿಯ ಕಿಟಕಿಯಿಲ್ಲದ ಕೋಣೆ. ನಾನು ಒಳಹೋದೊಡನೆ ಗಂಗಮ್ಮನವರು ಹೊರಗಿನಿಂದ ಚಿಲಕ ಹಾಕಿದರು. ಬೆಳಕು ನುಸುಳದಿರಲಿ ಎಂದಿರಬೇಕು ಅಂದುಕೊಂಡೆ.

ಕಾಗದವನ್ನು ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ಟ್ರೇಗೆ ಇಳಿಸಿದ್ದೆನಷ್ಟೆ, ಕರೆಂಟು ಹೋಯಿತು. ಕೆಂಪು ಬಲ್ಬೂ ಆರಿತು. ನನಗೆ ಉಬ್ಬಸ, ಮಾತ್ರೆಯ ಚೀಲ ಹೊರಗೆ ಜಗುಲಿಯ ಮೇಲೆ. ಆಸಿಡ್ಡಿನ ಹುಳಿ ವಾಸನೆ ಎದೆಯಲ್ಲಿ ಕೂತಿತು. ತಡವರಿಸಿ ಬಾಗಿಲು ಹುಡುಕಿ ದಬದಬ ಗುದ್ದಿದೆ, ಕೂಗಿದೆ. ಹಲಗೆಯ ಆಚೆ ಗಂಗಮ್ಮನವರು ಕೆಮ್ಮಿದ್ದು ಕೇಳಿಸಿತು. ಅಲ್ಲೇ ಕೂತಿದ್ದಾರೆ, ತೆಗೆಯುತ್ತಿಲ್ಲ. ಅದೇ ಹೆಚ್ಚು ಹೆದರಿಸಿತು. ಆಮೇಲೆ ಕೂಗಲು ಉಸಿರೇ ಉಳಿಯಲಿಲ್ಲ. ಹಿಂದೆ ಸರಿದು, ಎದುರುಗೋಡೆಗೆ ಒರಗಿ, ಎರಡೂ ಕೈಯಿಂದ ಎದೆ ಹಿಡಿದು ನೆಲಕ್ಕೆ ಕುಸಿದೆ. ಇಲ್ಲೇ ಮುಗಿಯಿತು ಎಂದೇ ಅನ್ನಿಸಿತ್ತು.

ಆಗ ಬಾಗಿಲ ಮೇಲೆ, ಒಳಗಿನಿಂದ, ನಿಂತ ಆಳಿನ ಎತ್ತರದಲ್ಲಿ, ಬಿಡಿಬಿಡಿಯಾಗಿ ಮೂರು ಸಲ ಟಕ್ ಎಂದಿತು. ತಕ್ಷಣ ಗಂಗಮ್ಮನವರು ಚಿಲಕ ತೆಗೆದರು.

ಮಾತ್ರೆ ನುಂಗಿ, ಉಸಿರು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ, ಯಾಕಮ್ಮ ಹೀಗೆ ಮಾಡಿದಿರಿ ಎಂದೆ. ಹಿಂದೊಮ್ಮೆ ಗಂಡ ಒಳಗಿಂದ ಕೂಗಿದ್ದಕ್ಕೆ ಅವಸರದಲ್ಲಿ ಬಾಗಿಲು ತೆಗೆದು, ಬೆಳಕು ಬಿದ್ದು ಒಂದು ಮದುವೆಯ ಪ್ರಿಂಟೆಲ್ಲ ಕಪ್ಪಾಗಿತ್ತಂತೆ. ಅಂದಿನಿಂದ ಗಂಡನ ಕಟ್ಟಪ್ಪಣೆ: "ನಾನು ಒಳಗೆ ಸತ್ತರೂ ಮೂರು ಬಡಿತ ಕೇಳುವವರೆಗೆ ತೆಗೆಯಬೇಡ."

"ಫೋಟೋದೋರಿಗೆಲ್ಲ ಅದು ಗೊತ್ತಿರ್ತದೆ ಅನ್ಕೊಂಡಿದ್ದೆ ಕಣಪ್ಪ. ಕೆಲಸ ಕೆಟ್ರೆ ಅವ್ರೂ ಹಿಂಗೇ ಕೂಗಾಡೋರು. ಕೊನೇಗೆ ನೀನೂ ಅವ್ರಂಗೇ ಉಂಗುರದಲ್ಲಿ ಬಡಿದ್ಯಲ್ಲ, ಆಗ ತೆಗೆದೆ."

ನಾನು ಎರಡೂ ಕೈ ಚಾಚಿದೆ. ಅವರು ಒಂದೊಂದೇ ಬೆರಳು ಮುಟ್ಟಿ ನೋಡಿದರು. ನಾನು ಉಂಗುರ ಹಾಕಿದವನಲ್ಲ. "ಇವತ್ತು ಹೋಗ್ಬುಡಪ್ಪ, ನಾನದನ್ನ ಮಾರಾಕಿಲ್ಲ" ಎಂದರು.

ನಮಾಜು ಮುಗಿಸಿ ಬಂದ ಖಲೀಲ್ ದಾರಿಯಲ್ಲಿ, ಪ್ರಜ್ಞೆ ತಪ್ಪುವಾಗ ನೀವೇ ಬಡಿದಿರುತ್ತೀರಿ ಎಂದ. ನಾನೂ ಹಾಗೇ ನಂಬಲು ಇಷ್ಟು ವರ್ಷ ಹೆಣಗಿದ್ದೇನೆ. ಬಾಗಿಲು ತೆರೆದಾಗ ನಾನು ಬಿದ್ದಿದ್ದದ್ದು ಎದುರುಗೋಡೆಯ ಬುಡದಲ್ಲಿ; ಅಲ್ಲಿಂದ ಬಾಗಿಲಿಗೆ ಕೈ ಎಟುಕುವುದಿಲ್ಲ. ಉಂಗುರದ ಮಾತಂತೂ ಇಂದಿಗೂ ಬಗೆಹರಿದಿಲ್ಲ.

ತಿಂಗಳ ಮೇಲೆ ಒಂದು ಸಂಜೆ ಖಲೀಲ್ ನಮ್ಮ ಮನೆ ಬಾಗಿಲಲ್ಲಿ ಗೋಣಿಚೀಲ ಸುತ್ತಿದ ಭಾರವೊಂದನ್ನು ಇಳಿಸಿದ. ಎನ್‌ಲಾರ್ಜರ್. ಗಂಗಮ್ಮನವರೇ ಹೇಳಿ ಕಳಿಸಿ ಕರೆಸಿಕೊಂಡಿದ್ದರಂತೆ. ಅವರು ಹೇಳಿದ್ದನ್ನು ಹಾಗೇ ಒಪ್ಪಿಸಿದ: "ಅದನ್ನ ಆ ಕತ್ತಲೆ ಕೋಣೇಲಿಟ್ಟು, ಚಿಲಕ ಹಾಕಿ, ಅವ್ರು ಬಡೀತಾರೇನೋ ಅಂತ ದಿನಾ ಮಧ್ಯಾಹ್ನ ಬಾಗಿಲ ಮುಂದೆ ಕೂತ್ಕೊಂಡೆ. ಯಾರೂ ಬಡೀಲಿಲ್ಲ. ಮೇಷ್ಟ್ರಿಗೇ ಕೊಟ್ಬುಡು."