ನಾಗವೇಣಿ ಮಾತು ಮರೆತಳೆಂಬ ಸುದ್ದಿ

ತೀರ್ಥಹಳ್ಳಿಯ ವೇದಿಕೆಯ ಮೇಲೆ ನಾಗವೇಣಿ ಮಾತು ಮರೆತು ನಿಂತಳು ಎಂದು ನಮ್ಮ ಶಾಲೆಯವರೆಲ್ಲ ಈಗಲೂ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಹಾಗೆಂದೇ ನಂಬಿದ್ದಾರೆ. ಆದರೂ ಅದು ನಿಜವಲ್ಲ. ಮೊನ್ನೆ ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ವಾಟ್ಸಾಪಿನಲ್ಲಿ ಹಳೆಯ ಫೋಟೋ ಒಂದನ್ನು ಕಳಿಸಿ, ಕೆಳಗೆ ಇದೇ ಮಾತನ್ನು ನಗುವ ಮುಖದ ಸಮೇತ ಬರೆದಿದ್ದರು. ಫೋಟೋದಲ್ಲಿ ನಾನು ಬೆರಳೆತ್ತಿ, ಗಂಟಲಿನ ಒಳಭಾಗ ಕಾಣುವಷ್ಟು ಬಾಯಿ ತೆರೆದಿದ್ದೇನೆ. ಎದುರು ಸಾಲಿನಲ್ಲಿ ನಾಗವೇಣಿ ಸುಮ್ಮನೆ ಕುಳಿತಿದ್ದಾಳೆ.

ಹೊಸನಗರದಲ್ಲಿ ನಾವು ಓದಿದಂಥ ಶಾಲೆಯಲ್ಲಿ ನೀವೂ ಓದಿದ್ದರೆ ಶಾಲಾ ಸಂಸತ್ತು ನಿಮಗೆ ಗೊತ್ತಿರುತ್ತದೆ. ಮಕ್ಕಳಲ್ಲಿ ನಾಯಕತ್ವ ಬೆಳೆಸಲು ಮಾಡಿದ್ದು. ತೋಟಕ್ಕೊಬ್ಬ ಮಂತ್ರಿ, ನೀರಿನ ಟ್ಯಾಂಕಿಗೊಬ್ಬ ಮಂತ್ರಿ. ಅದಕ್ಕೂ ಮೊದಲು ನಮಗೆ ಗೊತ್ತಿದ್ದ ನಾಯಕನೆಂದರೆ, ಮೇಷ್ಟ್ರಿಲ್ಲದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವವನು. ಉಳಿದವರ ಬಾಯಿ ಮುಚ್ಚಿಸುವುದೇ ಮೊದಲ ಪಾಠ. ಮುಂದಿನ ಪಾಠಗಳು ಬೇರೆ ಇದ್ದವು ಎಂದು ವಾದಿಸಲು ನನಗೆ ಇವತ್ತಿಗೂ ಪುರಾವೆ ಸಿಕ್ಕಿಲ್ಲ.

ನಾಗವೇಣಿ ಓಟು ಗೆದ್ದು ಪ್ರಧಾನಿಯಾದಳು. ಬಿಸಿಯೂಟದ ಸಾಲಿನಲ್ಲಿ ದೊಡ್ಡ ಹುಡುಗರನ್ನು ತಡೆದು ಚಿಕ್ಕವರನ್ನು ಮುಂದೆ ಬಿಡುತ್ತಿದ್ದವಳು ಅವಳು. ನನ್ನನ್ನೂ ತಡೆಯುತ್ತಿದ್ದಳು. “ನೀ ಭಾಷಣ ಮಾಡ್ತಾ ಇರು ಮಾರಾಯ, ಹಸಿವೇ ಗೊತ್ತಾಗಲ್ಲ” ಎನ್ನುತ್ತಿದ್ದಳು. ನನಗೆ ಯಾರೂ ಓಟು ಹಾಕಲಿಲ್ಲ. ಎಲ್ಲದಕ್ಕೂ ಎದುರಾಡುತ್ತೇನೆಂದು ಮೇಷ್ಟ್ರೇ ನನ್ನನ್ನು ವಿರೋಧ ಪಕ್ಷದ ನಾಯಕನನ್ನಾಗಿ ಮಾಡಿದರು.

ಆ ವರ್ಷ ತೀರ್ಥಹಳ್ಳಿಯಲ್ಲಿ ಅಣಕು ಸಂಸತ್ತಿನ ಸ್ಪರ್ಧೆಯಿತ್ತು. ಪ್ರಶ್ನೆಯನ್ನೂ ಉತ್ತರವನ್ನೂ ಮೇಷ್ಟ್ರೇ ಬರೆದಿದ್ದರು. ಹಳ್ಳಿಯ ಹೆಣ್ಣುಮಕ್ಕಳಿಗೆ ಸಂಜೆಯ ಬಸ್ಸು ಏಕಿಲ್ಲ ಎಂದು ನಾನು ಗುಡುಗಬೇಕು. “ಸರ್ಕಾರ ಗಂಭೀರವಾಗಿ ಪರಿಶೀಲಿಸುತ್ತಿದೆ” ಎಂದು ಅವಳು ಹೇಳಬೇಕು. ಇದರ ತಾಲೀಮು ನಡೆಯುತ್ತಿದ್ದುದು ಶಾಲೆ ಬಿಟ್ಟ ಮೇಲೆ. ನಗರವೆಂಬ ಹಳ್ಳಿಯ ಕಡೆಗೆ ಹೋಗುವ ಕೊನೆಯ ಬಸ್ಸು ಗೇಟಿನ ಮುಂದೆ ಹಾರನ್ ಹೊಡೆದು ಹೋಗುತ್ತಿದ್ದುದೂ ಆಗಲೇ. ಅದು ನಾಗವೇಣಿಯ ಬಸ್ಸು. ತಪ್ಪಿದರೆ ಯಾವುದಾದರೂ ಪಿಕಪ್ಪಿನಲ್ಲಿ ದಾರಿ ಕವಲೊಡೆಯುವ ಕೈಮರದವರೆಗೆ ಹೋಗಿ, ಅಲ್ಲಿಂದ ಕಾಡುದಾರಿಯಲ್ಲಿ ಒಬ್ಬಳೇ ನಡೆಯಬೇಕು.

ಒಂದು ಸಂಜೆ ಅವಳ ಅಪ್ಪ ಶಾಲೆಗೇ ಬಂದರು.

“ಒಂದ್ ವಾರ ಸುಧಾರಿಸ್ಕೊಳಿ ಮಾರಾಯ್ರೆ. ಹುಡುಗಿಗೆ ಒಳ್ಳೆ ಭವಿಷ್ಯ ಇದೆ” ಎಂದರು ಮೇಷ್ಟ್ರು.

“ಭವಿಷ್ಯ ಇರ್ಲಿ ಸರ್. ಕತ್ಲಾಗೋದ್ರೊಳಗೆ ಮನೆ ಮುಟ್ಬೇಕಲ್ಲ. ಹಿಂಗೇ ಆದ್ರೆ ಶಾಲೆನೇ ಬಿಡಿಸ್ತೀನಿ.”

ತಾಲೀಮನ್ನು ಮಧ್ಯಾಹ್ನ ಇಟ್ಟುಕೊಳ್ಳೋಣ ಎಂದು ಮರುದಿನ ನಾಗವೇಣಿಯೇ ಕೇಳಿದಳು. “ಊಟದ ಹೊತ್ತಲ್ಲಿ ಸಂಸತ್ತು ನಡೆಯುತ್ತಾ?” ಎಂದು ಮೇಷ್ಟ್ರು ನಕ್ಕರು. ಅವರು ಕೆಟ್ಟವರಲ್ಲ, ನಮಗೋಸ್ಕರ ಗಂಟಲು ಹರಿದುಕೊಂಡವರು. ಸಂಜೆಯ ಬಸ್ಸಿನ ಪ್ರಶ್ನೆಯನ್ನು ತಿದ್ದಿ ತೀಡುವ ಭರದಲ್ಲಿ ಹೊರಗಿನ ಹಾರನ್ ಅವರಿಗೆ ಕೇಳಿಸುತ್ತಿರಲಿಲ್ಲ, ಅಷ್ಟೇ.

ಸ್ಪರ್ಧೆಯ ದಿನ ನಾನು ಗುಡುಗಿದೆ. ಅವಳು ಎದ್ದಳು. ಮೈಕನ್ನು ಅವಳ ಎತ್ತರಕ್ಕೆ ಯಾರೂ ಇಳಿಸಿರಲಿಲ್ಲ. “ಸರ್ಕಾರ...” ಎಂದವಳು ನಿಂತಳು. ಕೆಳಗಿನಿಂದ ಮೇಷ್ಟ್ರು ತುಟಿಯಾಡಿಸಿ ಮುಂದಿನ ಮಾತು ತೋರಿಸುತ್ತಿದ್ದರು. ಅವಳು ಅವರನ್ನೇ ನೋಡುತ್ತ, ಮೆಲ್ಲಗೆ ಹೇಳಿದಳು: “ಬಸ್ಸು ಇದೆ, ಅಧ್ಯಕ್ಷರೇ. ಶಾಲೆಯಿಂದ ನಮ್ಮನ್ನ ಹೊತ್ತಿಗೆ ಸರಿಯಾಗಿ ಬಿಡಲ್ಲ.”

ಹೇಳಿ ಕುಳಿತಳು. ಎದುರಿಗಿದ್ದ ನಮಗಷ್ಟೇ ಅದು ಕೇಳಿಸಿತು. ಉತ್ತರ ತೃಪ್ತಿಕರವಾಗಿಲ್ಲವೆಂದು ಸಭಾತ್ಯಾಗ ಮಾಡಬೇಕು ಎಂದು ನಮ್ಮ ಪಾಲಿಗೆ ಬರೆದಿತ್ತು. ಆ ದಿನವಿಡೀ ಕೇಳಿದ್ದರಲ್ಲಿ ತೃಪ್ತಿಕರ ಉತ್ತರ ಅದೊಂದೇ. ನಾವು ಘೋಷಣೆ ಕೂಗುತ್ತ ಹೊರನಡೆದೆವು. ಉತ್ತಮ ವಾಗ್ಮಿ ಬಹುಮಾನ ನನಗೆ ಬಂತು.

ಅವತ್ತು ನಮ್ಮನ್ನು ಕರೆತಂದ ವ್ಯಾನು ಊರು ಸೇರಿದಾಗ ಕತ್ತಲಾಗಿತ್ತು. ಆಮೇಲೆ ನಾಗವೇಣಿ ಶಾಲೆಗೆ ಬರಲಿಲ್ಲ. ಅಪ್ಪ ಹೇಳಿದಂತೆಯೇ ಮಾಡಿದ್ದರು. ಹತ್ತನೇ ಪರೀಕ್ಷೆಯಲ್ಲಿ ಅವಳ ನಂಬರಿನ ಬೆಂಚು ಖಾಲಿ ಇತ್ತು. ವರ್ಷಗಳ ನಂತರ ಸಾಗರದ ಬಟ್ಟೆ ಅಂಗಡಿಯೊಂದರಲ್ಲಿ ಸಿಕ್ಕಳು, ಕೌಂಟರಿನ ಆಚೆ, ಸೀರೆ ಮಡಚುತ್ತ. “ಭಾಷಣ ಬಿಟ್ಯಾ, ಇನ್ನೂ ಇದ್ಯಾ?” ಎಂದು ನಕ್ಕಳು. ಅವತ್ತು ನೀನು ಮಾತು ಮರೆತೆಯೆಂದೇ ಎಲ್ಲರೂ ಹೇಳುತ್ತಾರೆ ಎಂದೆ.

“ಮರ್ತಿದ್ರೆ ಒಳ್ಳೇದಿತ್ತು” ಎಂದು ಮುಂದಿನ ಸೀರೆ ಎತ್ತಿಕೊಂಡಳು.

ಫೋಟೋ ಕಳಿಸಿದ ಮರುದಿನ ಮೇಷ್ಟ್ರು ಫೋನ್ ಮಾಡಿದರು. ಶಾಲೆಯಲ್ಲಿ ಹೊಸದಾಗಿ ನಾಯಕತ್ವ ತರಬೇತಿ ಶುರುವಾಗುತ್ತಿದೆಯಂತೆ. “ನೀನೇ ಬಂದು ಉದ್ಘಾಟನೆ ಮಾಡ್ಬೇಕು ಮಾರಾಯ. ನಮ್ಮ ಸಂಸತ್ತು ಏನು ಮಾಡಬಲ್ಲದು ಅನ್ನೋದಕ್ಕೆ ನೀನೇ ಸಾಕ್ಷಿ.”

ನನ್ನ ನಾಲಿಗೆಯ ತುದಿಯಲ್ಲಿ ವಾದಗಳು ಸಾಲಾಗಿ ನಿಂತಿದ್ದವು. ಒಂದನ್ನೂ ಆಡುವ ಮನಸ್ಸಾಗಲಿಲ್ಲ. ಗೆದ್ದು ಮಾಡುವುದೇನು?

“ಈ ಸಲದ ಪ್ರಧಾನಿ ಯಾರು ಸರ್?”

“ಒಂಬತ್ತನೇ ಕ್ಲಾಸಿನ ಹುಡುಗಿ. ನಗರದ ಕಡೆಯವಳೇ. ಬಹಳ ಚುರುಕು. ಶನಿವಾರ ಬಿಟ್ಟು ದಿನಾ ಸಂಜೆ ಐದಕ್ಕೆ ತರಬೇತಿ. ನೀ ಬಾ, ಅವಳ ಮಾತು ಕೇಳು.”

“ಮುಗಿದ ಮೇಲೆ ಅವಳು ಮನೆಗೆ ಹೇಗೆ ಹೋಗ್ತಾಳೆ ಸರ್?”