ಏಳಕ್ಷರದ ಕಲ್ಲುಕುಟಿಗರು

ಕೋಗಿಲು ಎಂಬ ಊರಿನಲ್ಲಿ ಒಬ್ಬರು ಕಲ್ಲುಕುಟಿಗರಿದ್ದರು. ಯಾವ ಇಸವಿ ಹೇಳಿದರೂ ಬೆರಳಿನ ಕಲ್ಲುಪುಡಿ ಊದಿಕೊಂಡು, "ದೊಡ್ಡದು ಮೊದ್ಲು ತೆಗೀರಿ" ಎನ್ನುತ್ತಲೇ ಅದನ್ನು I, V, X, L, C, D, M ಎಂಬ ಏಳಕ್ಷರದ ರೋಮನ್ ಅಂಕಿಗೆ ಇಳಿಸುತ್ತಿದ್ದರು.

ನಮ್ಮ ಮನೆ ಕಟ್ಟಿದ್ದು 1999ರಲ್ಲಿ. ಆ ಇಸವಿ ಕೆತ್ತಿಸಿ ಮನೆಗೆ ಹಾಕಿಸುವ ಹೊಸ ಕಲ್ಲಿಗೆಂದು ಚೀಟಿಯಲ್ಲಿ MIM ಎಂದು ಬರೆದುಕೊಟ್ಟೆ. ಎರಡು ಸಾವಿರಕ್ಕೆ ಒಂದು ಕಮ್ಮಿ, ಮೂರೇ ಅಕ್ಷರ ಎಂದು ಬೀಗಿದ್ದೆ.

ಅವರು ಉಳಿ ಕೆಳಗಿಟ್ಟರು. "ಇಂಗೆ ಕೊರ್ಯಕ್ಕಾಗಲ್ಲ ಸಾಮಿ. ಒಂದನ್ನ ಐದ್ರಲ್ಲಿ ಕಳೀಬೋದು, ಹತ್ತರಲ್ಲಿ ಕಳೀಬೋದು. ಸಾವಿರದಲ್ಲಿ ಕಳ್ಯಂಗಿಲ್ಲ. ದೊಡ್ಡದು ಮೊದ್ಲು ತೆಗೀರಿ."

ಸಾವಿರಕ್ಕೆ M, ಒಂಬೈನೂರಕ್ಕೆ CM, ತೊಂಬತ್ತಕ್ಕೆ XC, ಒಂಬತ್ತಕ್ಕೆ IX ಎಂದು ಸೀಮೆಸುಣ್ಣದಲ್ಲಿ ಕಲ್ಲಿನ ಮೇಲೇ ಬರೆದು ತೋರಿಸಿದರು.

"ಇಂಗ್ಲಿಷ್ ಎಲ್ಲಿ ಕಲಿತ್ರಿ?" ಎಂದು ಕೇಳಿದೆ.

"ಇಂಗ್ಲಿಷ್ ಬರಲ್ಲ ಸಾಮಿ," ಎಂದರು ತಲೆಯೆತ್ತಿ. "ಈ ಏಳಕ್ಷರ ಮಾತ್ರ ಬತ್ತವೆ. ಇವನ್ನ ಯಾರು ತಪ್ಪು ಬರೆದ್ರೂ ಬಿಡಲ್ಲ."